ಬಟ್ಟೆ ಬದಲಿಸುವ ಕೋಣೆಯ ಮುಖದಾಕ್ಷಿಣ್ಯ

ಜನವರಿ ತಿಂಗಳಲ್ಲಿ ಬೆಳಗಿನ ಆರೂವರೆಗೆ ಜಿಮ್ಮಿಗೆ ಹೊರಟ ದೆಹಲಿಯವರ ಮೈಮೇಲೆ ಏನಿಲ್ಲವೆಂದರೂ ಎಂಟು ಬಟ್ಟೆಗಳಿರುತ್ತವೆ. ಮಂಕಿ ಕ್ಯಾಪು, ಮಫ್ಲರು, ಜಾಕೆಟ್ಟು, ಅದರೊಳಗೆ ಸ್ವೆಟರು, ಅದರೊಳಗೆ ಥರ್ಮಲ್ ಬನಿಯನ್ನು, ಪ್ಯಾಂಟು, ಅದರೊಳಗೆ ಇನ್ನೊಂದು ಪ್ಯಾಂಟು, ಕಾಲುಚೀಲ. ಇಷ್ಟನ್ನೂ ಒಂದೊಂದಾಗಿ ಬಿಚ್ಚಿ, ಮಡಚಿ, ಒಂದಡಿ ಅಗಲದ ಲಾಕರಿನೊಳಗೆ ತುರುಕಿ, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಬೀಗ ಹಾಕಬೇಕು. ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮಗಳ ಜಿಮ್ಮುಗಳು ಹೆಚ್ಚಾಗಿ ಅಂಗಡಿ ಸಾಲಿನ ಬೇಸ್‌ಮೆಂಟಿನಲ್ಲೋ ಮಾಲಿನ ಮೇಲ್ಮಹಡಿಯಲ್ಲೋ ಇರುತ್ತವೆ. ಬಾಡಿಗೆ ಚದರಡಿ ಲೆಕ್ಕ. ಟ್ರೆಡ್‌ಮಿಲ್ ಇಟ್ಟ ಜಾಗ ಕಾಸು ಹುಟ್ಟಿಸುತ್ತದೆ, ಬೆಂಚು ಇಟ್ಟ ಜಾಗ ಹುಟ್ಟಿಸುವುದಿಲ್ಲ. ಹಾಗಾಗಿ ಬಟ್ಟೆ ಬದಲಿಸುವ ಕೋಣೆಗೆ ಉಳಿಯುವುದು ಶೌಚಾಲಯದ ಪಕ್ಕದ ಮೂಲೆ: ಒಂದು ಬೆಂಚು, ಒಂದು ಕನ್ನಡಿ, ಎರಡು ಶವರು. ಅದರಲ್ಲಿ ಒಂದು ಕೆಟ್ಟಿರುತ್ತದೆ.

ಅಷ್ಟು ಜಾಗದಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ಎಂಟು ಹತ್ತು ಜನ ಮೊಣಕೈಗೆ ಮೊಣಕೈ ತಾಗುವಂತೆ ನಿಂತು ಬಟ್ಟೆ ಬಿಚ್ಚುತ್ತಾರೆ. ಒಬ್ಬರು ವಕೀಲರು, ಒಬ್ಬರು ಪ್ರಾಪರ್ಟಿ ಡೀಲರು, ಒಬ್ಬರು ನಿವೃತ್ತ ಸೈನಿಕರು, ಯುಪಿಎಸ್‌ಸಿಗೆ ಮೂರನೇ ಸಲ ಕೂರಲಿರುವ ಹುಡುಗನೊಬ್ಬ. ಹೊರಗೆ ರಸ್ತೆಯಲ್ಲಿ ಇದೇ ಜನ ಒಂದು ಕಾರು ನಿಲ್ಲಿಸುವ ಜಾಗಕ್ಕಾಗಿ ಕೊರಳಪಟ್ಟಿ ಹಿಡಿಯಬಲ್ಲರು. 'ನಾನು ಯಾರು ಗೊತ್ತಾ' ಎನ್ನುವುದು ಈ ಊರಿನ ನಾಡಗೀತೆಯಷ್ಟೇ ಸಾಮಾನ್ಯ. ಆದರೆ ಈ ಕೋಣೆಯೊಳಗೆ ಆ ಮಾತು ಕೇಳಿಸುವುದು ಕಡಿಮೆ. ಚಡ್ಡಿಯಲ್ಲಿ ನಿಂತವರಿಗೆ ತಾವು ಯಾರೆಂದು ಹೇಳಿಕೊಳ್ಳಲು ಸ್ವಲ್ಪ ಕಷ್ಟವಿರಬೇಕು. ಅದಕ್ಕಿಂತ ಮುಖ್ಯವಾಗಿ, ಯಾರೂ ಹೇಳಿಕೊಡದ ಒಂದು ವಿದ್ಯೆ ಇಲ್ಲಿ ಎಲ್ಲರಿಗೂ ಬಂದುಬಿಟ್ಟಿದೆ. ಕಣ್ಣನ್ನು ಎಲ್ಲಿಡಬೇಕು ಎನ್ನುವ ವಿದ್ಯೆ.

ಗಮನಿಸಿ ನೋಡಿ. ಲಾಕರಿನ ಒಳಗೋಡೆಯಲ್ಲಿ ಅಂಥದ್ದೇನಿದೆ ಎಂದು ಜನ ಅಷ್ಟು ಹೊತ್ತು ಅದನ್ನೇ ನೋಡುತ್ತಾರೆ? ಶೂ ದಾರ ಕಟ್ಟಲು ಅಷ್ಟೊಂದು ಏಕಾಗ್ರತೆ ಬೇಕೆ? ಪಕ್ಕದವರು ಟವೆಲು ಸುತ್ತಿಕೊಂಡು ಒಂಟಿಕಾಲಿನಲ್ಲಿ ತೂರಾಡುತ್ತಿರುವಾಗ ಎಲ್ಲರಿಗೂ ಒಮ್ಮೆಲೇ ತಮ್ಮ ಬ್ಯಾಗಿನ ತಳದಲ್ಲಿ ಏನೋ ಹುಡುಕುವುದಿರುತ್ತದೆ. ಕರಾವಳಿ, ಮಲೆನಾಡುಗಳಿಂದ ಬಂದವರಿಗೆ ಇದು ಹೊಸತಲ್ಲ. ಉಡುಪಿಯ ಮಧ್ವಸರೋವರದ ಮೆಟ್ಟಿಲ ಮೇಲೆ, ಧರ್ಮಸ್ಥಳದ ನೇತ್ರಾವತಿ ಸ್ನಾನಘಟ್ಟದಲ್ಲಿ, ನೂರು ಜನರ ನಡುವೆ ಒದ್ದೆ ಪಂಚೆಯ ಮೇಲೆ ಒಣ ಪಂಚೆ ಸುತ್ತಿ ಒಳಗಿನದನ್ನು ಜಾರಿಸಿಬಿಡುವ ಕೈಚಳಕವನ್ನು ಅವರು ಅಪ್ಪ, ಮಾವಂದಿರಿಂದ ನೋಡಿ ಕಲಿತಿರುತ್ತಾರೆ. ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೀರೆ ಬದಲಿಸುವ ಹೆಂಗಸರ ಕೈಚಳಕ ಇದಕ್ಕಿಂತ ಒಂದು ಕೈ ಮೇಲು. ಆದರೆ ಸ್ನಾನಘಟ್ಟದಲ್ಲಿ ಮಾನ ಉಳಿಯುವುದು ಬಟ್ಟೆ ಬದಲಿಸುವವರ ಕೈಚಳಕದಿಂದ ಮಾತ್ರವಲ್ಲ, ಸುತ್ತ ನಿಂತವರ ಸಹಕಾರದಿಂದಲೂ. ಪಂಚೆ ಎಷ್ಟೇ ಅಗಲವಿದ್ದರೂ ಅದು ಮುಚ್ಚುವುದು ಅರ್ಧವನ್ನೇ. ಉಳಿದರ್ಧವನ್ನು ಬೇರೆಯವರ ಕಣ್ಣು ಮುಚ್ಚಬೇಕು.

ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1963ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದಕ್ಕೊಂದು ಹೆಸರು ಕೊಟ್ಟ. ಕನ್ನಡದಲ್ಲಿ 'ಸೌಜನ್ಯದ ಅಲಕ್ಷ್ಯ' ಎನ್ನಬಹುದೇನೋ. ಅಪರಿಚಿತರು ಎದುರಾದಾಗ ನಾವು ಮಾಡುವುದು ಎರಡು ಕೆಲಸ. ಮೊದಲು ಒಂದು ಕ್ಷಣ ಅವರತ್ತ ನೋಡುತ್ತೇವೆ, 'ನೀವಿರುವುದು ಗೊತ್ತಾಯಿತು' ಎಂಬಷ್ಟು. ಆಮೇಲೆ ಕಣ್ಣು ತೆಗೆಯುತ್ತೇವೆ, 'ನಿಮ್ಮಲ್ಲಿ ನನಗೇನೂ ಕುತೂಹಲವಿಲ್ಲ, ಭಯವೂ ಇಲ್ಲ' ಎಂಬಂತೆ. ಈ ವಿಚಾರವನ್ನು ಬಳಸುವವರು ಸಾಮಾನ್ಯವಾಗಿ ಎರಡನೆಯ ಅರ್ಧವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಮೊದಲಿನ ಆ ಒಂದು ಕ್ಷಣವಿಲ್ಲದಿದ್ದರೆ ಅದು ಸೌಜನ್ಯವಾಗುವುದಿಲ್ಲ.

ದೆಹಲಿಯ ಮಾತಿನಲ್ಲಿ ಇದಕ್ಕೆ ಗಾಫ್‌ಮನ್ನನಿಗಿಂತ ಹಳೆಯ ಪದವಿದೆ: ಲಿಹಾಜ್. ದೊಡ್ಡವರ ಲಿಹಾಜ್, ನೆರೆಯವರ ಲಿಹಾಜ್, ಕಡೆಗೆ 'ಕುಛ್ ತೋ ಲಿಹಾಜ್ ಕರೋ' ಎಂಬ ಬೈಗುಳ. ಮನ್ನಣೆ, ಸಂಕೋಚ, ಮರ್ಯಾದೆ ಎಂದೆಲ್ಲ ಅನುವಾದಿಸಬಹುದು, ಯಾವುದೂ ಪೂರ್ತಿ ಕೂರುವುದಿಲ್ಲ. ಪದ ಅರಬ್ಬಿಯಿಂದ ಫಾರಸಿ ದಾಟಿ ಉರ್ದುವಿಗೆ ಬಂದದ್ದು. ಅದರ ಮೂಲಧಾತುವಿನ ಅರ್ಥ ನೋಡುವುದು, ಅದರಲ್ಲೂ ಕಡೆಗಣ್ಣಿನಿಂದ ನೋಡುವುದು. ಕ್ಷಣ ಎಂಬ ಅರ್ಥದ 'ಲಮ್ಹಾ'ಕ್ಕೂ ಇದಕ್ಕೂ ನಂಟಿದೆ ಎಂದು ಉಚ್ಚಾರಣೆ ಕೇಳಿದವರು ಭಾವಿಸುವುದುಂಟು, ಅವೆರಡರ ಧಾತು ಬೇರೆ. ಅದೇ ಅರ್ಥದ ಹಳೆಯ 'ಲಹ್ಜಾ' ಎಂಬ ಇನ್ನೊಂದು ಪದ ಮಾತ್ರ ಲಿಹಾಜಿನ ಸ್ವಂತ ದಾಯಾದಿ: ಕಣ್ಣು ಹಾಯಿಸುವಷ್ಟು ಹೊತ್ತು. ಮರ್ಯಾದೆಯ ಪದವೊಂದು ಹುಟ್ಟಿದ್ದು ಕಣ್ಣಿನ ಮೂಲೆಯಲ್ಲಿ ಎನ್ನುವುದು ಬಟ್ಟೆ ಬದಲಿಸುವ ಕೋಣೆಗೆ ಚೆನ್ನಾಗಿ ಒಪ್ಪುತ್ತದೆ.

ಜಾಗ ಕೇಳುವ ಮಾತೂ ಇಲ್ಲಿ ನಾಜೂಕಿನದು. ಹಿಂದಿಯಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಬಟ್ಟೆಯಿಲ್ಲದ ಮೈ ನೋಡಿ ಯಾರು ಯಾವ ಮೆಟ್ಟಿಲಿನವರೆಂದು ಹೇಳುವುದು ಹೇಗೆ? ಹಾಗಾಗಿ ಜನ ಮೆಟ್ಟಿಲೇ ಇಲ್ಲದ ದಾರಿ ಹಿಡಿಯುತ್ತಾರೆ. 'ಭಾಯ್ ಸಾಬ್, ಜರಾ ಸೈಡ್ ದೇನಾ.' ಈ 'ದೇನಾ' ಆಜ್ಞೆಯಂತಿದ್ದರೂ ರೂಪದಲ್ಲಿ ಬರೀ 'ಕೊಡುವುದು'. ನಮ್ಮಲ್ಲಿ 'ಸ್ವಲ್ಪ ಜರುಗಬಹುದಾ?' ಎಂದು ನೀನು, ನೀವು ಎರಡನ್ನೂ ತಪ್ಪಿಸಿಕೊಳ್ಳುವ ಹಾಗೆ. ಇನ್ನೊಂದು ಅಪ್ಪಟ ದೆಹಲಿ ಪ್ರಯೋಗ 'ಆಪ್ ಬೈಠೋ'. ಸರ್ವನಾಮ ಮೇಲಿನ ಮೆಟ್ಟಿಲಿನದು, ಕ್ರಿಯಾಪದ ನಡುವಿನದು. ಲಖನೌದವರು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಒಂದೇ ಬೆಂಚಿನ ಮೇಲೆ ಎಲ್ಲರೂ ಕೂರಬೇಕಾದ ಊರಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಸಿಗಲಿಕ್ಕಿಲ್ಲ.

ಇದೆಲ್ಲ ಜಿಮ್ಮಿನೊಂದಿಗೆ ಬಂದ ಸಮಸ್ಯೆ. ಹಳೆಯ ಗರಡಿಮನೆಗೆ ಬಟ್ಟೆ ಬದಲಿಸುವ ಕೋಣೆಯೇ ಬೇಕಿರಲಿಲ್ಲ. ದೆಹಲಿಯ ಗುರು ಹನುಮಾನ್ ಅಖಾಡವಿರಲಿ, ಮೈಸೂರಿನ ಗರಡಿಗಳಿರಲಿ, ಅಲ್ಲಿ ಲಂಗೋಟಿಯೇ ಸಮವಸ್ತ್ರ. ಅಂಗಿ ಕಳಚಿ ಗೂಟಕ್ಕೆ ನೇತುಹಾಕಿದರೆ ಮುಗಿಯಿತು. ಚಪ್ಪಲಿ ಹೊರಗೆ ಬಿಡಬೇಕು, ಆಂಜನೇಯನಿಗೆ ಕೈಮುಗಿಯಬೇಕು, ಮಟ್ಟಿಯ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಉಸ್ತಾದರೆದುರು ದನಿ ಎತ್ತಬಾರದು. ಮಣ್ಣು ಹದ ಮಾಡುವುದು, ಗುಡಿಸುವುದು ಕಲಿಯಲು ಬಂದ ಹುಡುಗರದೇ ಕೆಲಸ. ಬನಾರಸಿನ ಅಖಾಡಗಳ ಬಗ್ಗೆ 1992ರಲ್ಲಿ ಪುಸ್ತಕ ಬರೆದ ಜೋಸೆಫ್ ಆಲ್ಟರ್ ಗಮನಿಸಿದ್ದು ಇದನ್ನೇ: ಅಲ್ಲಿ ದೇಹ ತಯಾರಾಗುವುದು ವ್ಯಾಯಾಮದಿಂದಷ್ಟೇ ಅಲ್ಲ, ಇಂಥ ದಿನಚರಿಯಿಂದ. ಗರಡಿಯನ್ನು ಬಂಗಾರದ ಕಾಲವೆಂದು ಹೊಗಳಬೇಕಿಲ್ಲ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬ ಒಂದೇ ಮಾತು ಸಾಕು. ಆದರೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಲು ಅಲ್ಲಿ ಒಬ್ಬರಿದ್ದರು. ಜಿಮ್ಮಿನಲ್ಲಿ ಆ ಜಾಗಕ್ಕೆ ಬಂದಿರುವುದು ಗೋಡೆಗೆ ಅಂಟಿಸಿದ ಎ4 ಹಾಳೆ.

ಹಾಳೆಯಲ್ಲಿ ಇರುವುದು ಬೆಲೆಬಾಳುವ ವಸ್ತುಗಳಿಗೆ ಆಡಳಿತ ಹೊಣೆಯಲ್ಲ ಎಂಬ ಸಾಲು, ರಾತ್ರಿ ಬೀಗ ಬಿಟ್ಟುಹೋದರೆ ಒಡೆಯಲಾಗುವುದು ಎಂಬ ಸಾಲು. ಇಲ್ಲದಿರುವುದೇ ಹೆಚ್ಚು. ಒದ್ದೆ ಮೈಯಲ್ಲಿ ಬೆಂಚಿನ ಮೇಲೆ ಕೂತು ಎದ್ದುಹೋಗುವವರಿಗೆ ಅದು ಏನೂ ಹೇಳುವುದಿಲ್ಲ. ಶವರಿನ ಜಾಲರಿಯಲ್ಲಿ ಕೂದಲು ಬಿಡುವವರಿಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಡಿಯೋಡರೆಂಟನ್ನು ಸೊಳ್ಳೆಗೆ ಹೊಡೆದಂತೆ ಹೊಡೆಯುವವರಿಗೂ ಇಲ್ಲ. ನವೆಂಬರಿನ ದೆಹಲಿಯಲ್ಲಿ ಹೊರಗಿನ ಗಾಳಿಯಿಂದ ತಪ್ಪಿಸಿಕೊಂಡು ಒಳಗೆ ಬಂದವರಿಗೆ ಇದೊಂದು ಹೆಚ್ಚುವರಿ ಪ್ರಸಾದ.

ಫೋನಿನದು ಮಾತ್ರ ಬೇರೆಯೇ ವಿಷಯ. ಕಣ್ಣು ಕೊಟ್ಟ ಮಾತನ್ನು ಕ್ಯಾಮೆರಾ ಕೊಟ್ಟಿಲ್ಲ. ಕನ್ನಡಿಯ ಮುಂದೆ ನಿಂತು ತೋಳು ಉಬ್ಬಿಸಿ ಫೋಟೋ ತೆಗೆದುಕೊಳ್ಳುವ ಹುಡುಗನಿಗೆ ತನ್ನ ತೋಳಷ್ಟೇ ಕಾಣಿಸುತ್ತದೆ. ಹಿಂದೆ ಟವೆಲಿನಲ್ಲಿ ನಿಂತ ವಕೀಲರು ಅವನ ಫೋನಿನೊಳಗೆ ಹೋಗಿ ಕೂತದ್ದು ಅವನಿಗೂ ತಿಳಿಯದು, ಅವರಿಗೂ ತಿಳಿಯದು. ಲಾಕರು ತೆರೆಯುತ್ತಲೇ ವೀಡಿಯೋ ಕಾಲ್ ಎತ್ತಿ 'ಹಾಂ ಮಮ್ಮಿ, ಜಿಮ್ ಮೇಂ ಹೂಂ' ಎನ್ನುವವರೂ ಇದ್ದಾರೆ. ಆ ಮಮ್ಮಿಗೂ ಇದು ಬೇಕಿರುವುದಿಲ್ಲ.

ಕಾನೂನು ಇದನ್ನು ಮುಟ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಬೇಕೆಂದೇ ತೆಗೆದರೆ ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದು ಗಂಡಸು, ಹೆಂಗಸು ಇಬ್ಬರಿಗೂ ಅನ್ವಯ. 2013ರಲ್ಲಿ ದಂಡಸಂಹಿತೆಗೆ ಸೇರಿದ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಆಗಿರುವ ಇಣುಕುನೋಟದ ಅಪರಾಧ ಹೆಣ್ಣುಮಕ್ಕಳನ್ನು ನೋಡುವ ಅಥವಾ ಚಿತ್ರಿಸುವವರ ಕುರಿತದ್ದು. ಅದೇ 2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಮಹಿಳಾ ಆಯೋಗದ ಪ್ರಸ್ತಾವವೊಂದು ಸುದ್ದಿಯಾಯಿತು. ಗಂಡಸು ದರ್ಜಿಗಳು ಹೆಣ್ಣುಮಕ್ಕಳ ಅಳತೆ ತೆಗೆಯಬಾರದು, ಜಿಮ್ಮುಗಳಲ್ಲಿ ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರೇ ಇರಬೇಕು, ಸಿಸಿಟಿವಿ ಇರಬೇಕು. ನೋಯ್ಡಾ, ಗಾಜಿಯಾಬಾದುಗಳ ಜಿಮ್ಮುಗಳಲ್ಲಿ ಒಂದು ವಾರ ಇದೇ ಚರ್ಚೆ. ತಮಾಷೆಯೆಂದರೆ ಹೆಂಗಸರ ಕೋಣೆಯ ದಿನನಿತ್ಯದ ದೂರು ಗಂಡಸರ ಬಗ್ಗೆ ಆಗಿರುವುದೇ ಇಲ್ಲ. 'ಅರೇ, ಎಷ್ಟು ಸಣ್ಣಗಾಗಿಬಿಟ್ಟೆ!' ಎಂದು ಹೊಗಳಿಕೆಯ ಧಾಟಿಯಲ್ಲಿ ಬರುವ, ಮೂರು ತಿಂಗಳ ಜ್ವರದಿಂದ ಎದ್ದುಬಂದವಳಿಗೂ ಹೆರಿಗೆಯಾಗಿ ಆರು ತಿಂಗಳಾದವಳಿಗೂ ಒಂದೇ ಥರ ಚುಚ್ಚುವ ಮಾತಿನ ಬಗ್ಗೆ. ಇದಕ್ಕೆ ಸೆಕ್ಷನ್ ಇಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದೇ ದೆಹಲಿಯಲ್ಲಿ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿಯ ಮೇಲಿರುವುದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರು. ತೀರ್ಪಿನ ಮುಖ್ಯ ಪದವನ್ನು ಹಿಂದಿ ಪತ್ರಿಕೆಗಳು 'ನಿಜತಾ' ಎಂದು ಬರೆದವು. ಸಂಸ್ಕೃತದಲ್ಲಿ ನಿಜ ಎಂದರೆ ತನ್ನದು. ಕನ್ನಡದ ಕಿವಿಗೆ ಮಾತ್ರ ಅದು ಸತ್ಯದ ಹಕ್ಕಿನಂತೆ ಕೇಳಿಸುತ್ತದೆ. ಬಟ್ಟೆ ಕಳಚಿದಾಗ ಉಳಿಯುವುದು ತನ್ನದೋ ಸತ್ಯವೋ ಎಂದು ಯೋಚಿಸುತ್ತ ಕೂತರೆ ಜಿಮ್ಮಿನ ಸಮಯ ಮುಗಿದುಹೋಗುತ್ತದೆ.

ಕಣ್ಣು, ಕ್ಯಾಮೆರಾ ಆಯಿತು. ನಾಲಿಗೆ ಬಾಕಿ ಇದೆ. ಹೊರನಾಡಿನ ಕನ್ನಡಿಗರಿಗೆ ತಮ್ಮ ಭಾಷೆ ಒಂದು ಪರದೆಯಂತೆ. ಅದರ ಹಿಂದೆ ಏನು ಬೇಕಾದರೂ ಮಾತಾಡಬಹುದೆಂಬ ಧೈರ್ಯ. ಗುರುಗ್ರಾಮದ ಜಿಮ್ಮೊಂದರಲ್ಲಿ ಬೆಂಗಳೂರಿನ ಇಬ್ಬರು ಹುಡುಗರು ಪಕ್ಕದಲ್ಲಿ ಬಟ್ಟೆ ಬದಲಿಸುತ್ತಿದ್ದ ದಪ್ಪನೆಯ ಹಿರಿಯರೊಬ್ಬರನ್ನು ನೋಡಿ ಮಾತಿಗಿಳಿದರು. 'ಮಗಾ, ಅಂಕಲ್ ಹೊಟ್ಟೆ ನೋಡೋ. ಟ್ರೆಡ್‌ಮಿಲ್ಲೇ ಕುಸಿದುಹೋಗುತ್ತೆ.' ಹಿರಿಯರು ನಿಧಾನವಾಗಿ ಬನಿಯನ್ನು ಎಳೆದುಕೊಂಡರು, ಕನ್ನಡಕ ಹಾಕಿಕೊಂಡರು. ಆಮೇಲೆ ಅಪ್ಪಟ ಧಾರವಾಡ ಕನ್ನಡದಲ್ಲಿ, ಸಿಟ್ಟೇನೂ ಇಲ್ಲದೆ, 'ತಮ್ಮಾ, ಆ ಹೊಟ್ಟಿ ಕರಗಸಾಕ ಬಂದೇನಿ ನೋಡಪಾ' ಎಂದರು. ಹುಡುಗರು 'ಸಾರಿ ಸರ್, ಸಾರಿ ಸರ್' ಎಂದು ನಾಲ್ಕು ಸಲ ಹೇಳಿದರು. ಒಂದು ನಿಮಿಷದ ಹಿಂದೆ ಅಂಕಲ್ ಆಗಿದ್ದವರು ಈಗ ಸರ್. ಆಮೇಲೆ ಆ ಹುಡುಗರು ಅವರನ್ನು ಕಂಡಾಗಲೆಲ್ಲ ನಮಸ್ಕಾರ ಹೇಳತೊಡಗಿದರು.

ಇಲ್ಲಿ ಕೆಲಸ ಮಾಡಿದ್ದು ಮುಖದಾಕ್ಷಿಣ್ಯ. ಕನ್ನಡದಲ್ಲಿ ದಾಕ್ಷಿಣ್ಯಕ್ಕೆ ಮುಖವನ್ನು ಅಂಟಿಸಿರುವುದು ಸುಮ್ಮನಲ್ಲ. ಮುಖ ಕಂಡ ಮೇಲೆ ಇಲ್ಲವೆನ್ನಲಾಗದು, ಮುಖ ಪರಿಚಯವಾದ ಮೇಲೆ ಒರಟಾಗಿ ನಡೆದುಕೊಳ್ಳಲಾಗದು. ಆ ಹಿರಿಯರಿಗೆ ಮುಖ ಬಂದದ್ದು ಅವರು ಬಾಯಿ ತೆರೆದಾಗ. ಅಲ್ಲಿಯವರೆಗೆ ಅವರು ಒಂದು ಹೊಟ್ಟೆ ಮಾತ್ರ. ಆದರೆ ನಮ್ಮಲ್ಲೇ ಇನ್ನೊಂದು ಗಾದೆಯೂ ಇದೆ, 'ಮುಖ ನೋಡಿ ಮಣೆ ಹಾಕು'. ಯಾರ ಮುಖಕ್ಕೆ ಎಂಥ ಮಣೆ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಕೆಲವರ ಪಾಲಿಗೆ ಮಣೆಯೂ ಇಲ್ಲ, ಮುಖವೂ ಇಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಥ ಒಬ್ಬ ಇರುತ್ತಾನೆ. ನೆಲ ಒರೆಸುವವನು. ನೀಲಿ ಟೀ ಶರ್ಟಿನ ಬೆನ್ನ ಮೇಲೆ 'ಹೌಸ್‌ಕೀಪಿಂಗ್' ಎಂದು ಅಚ್ಚಾಗಿರುತ್ತದೆ, ಹೆಸರಲ್ಲ. ಊರು ಬದಾಯೂಂ ಇರಬಹುದು, ಮಧುಬನಿ ಇರಬಹುದು. ಕರೆಯುವುದು 'ಭೈಯಾ' ಎಂದು. ಅಣ್ಣ ಎಂಬ ಈ ಪದ ದೆಹಲಿಯಲ್ಲಿ ಎಷ್ಟು ಜಾರಿದೆ ಎಂದರೆ, ಸ್ವಂತ ಅಣ್ಣನಿಗೂ ಆಟೋದವನಿಗೂ ಪೂರಬ್ ಕಡೆಯಿಂದ ಬಂದ ಕೂಲಿಗೂ ಅದೇ ಪದ, ದನಿ ಮಾತ್ರ ಬೇರೆ. ಮೇಲೆ ಹೇಳಿದ 'ದೇನಾ' ಇವನ ವಿಷಯದಲ್ಲಿ ಕೇಳಿಸುವುದಿಲ್ಲ. 'ಭೈಯಾ, ಇಧರ್ ಪೋಛಾ ಮಾರ್.'

ಈಗ ಕಣ್ಣಿನ ವಿಷಯಕ್ಕೆ ಬನ್ನಿ. ಹೊಸ ಸದಸ್ಯರೊಬ್ಬರು ಒಳಗೆ ಬಂದರೆ ಟವೆಲಿನ ಗಂಟು ಬಿಗಿಯಾಗುತ್ತದೆ. ತರಬೇತುದಾರ ಬಂದರೂ ಬಿಗಿಯಾಗುತ್ತದೆ. ನೆಲ ಒರೆಸುವವನು ಬಂದರೆ ಗಂಟು ಇದ್ದ ಹಾಗೇ ಇರುತ್ತದೆ, ಕೆಲವೊಮ್ಮೆ ಟವೆಲೇ ಇರುವುದಿಲ್ಲ. ಅವನ ಮುಂದೆ ಜನ ನಾಚುವುದಿಲ್ಲ, ಹೆಂಗಸರ ಕೋಣೆಯಲ್ಲಿ ದೀದಿಯ ಮುಂದೆ ನಾಚದ ಹಾಗೆ. ಇದನ್ನು ಸಲಿಗೆ ಎಂದುಕೊಂಡರೆ ತಪ್ಪಾಗುತ್ತದೆ. ಫ್ಯಾನು, ಕನ್ನಡಿ, ಬಕೆಟ್ಟುಗಳ ಮುಂದೆ ಯಾರಾದರೂ ನಾಚುತ್ತಾರೆಯೇ?

ಸೌಜನ್ಯದ ಅಲಕ್ಷ್ಯಕ್ಕೆ ಹೆಸರಿಡುವ ಮೊದಲೇ, 1950ರ ದಶಕದ ಪುಸ್ತಕವೊಂದರಲ್ಲಿ, ಗಾಫ್‌ಮನ್ ಇಂಥವರ ಬಗ್ಗೆಯೂ ಬರೆದಿದ್ದ. ಎದುರಿಗಿದ್ದೂ ಇಲ್ಲದವರೆಂದು ಎಣಿಸಲ್ಪಡುವವರು. ಅವರಲ್ಲಿ ಮೊದಲಿಗರು ಮನೆಯಾಳುಗಳು. ಅದಕ್ಕೆ ಅವನು ಎತ್ತಿಕೊಂಡ ಒಂದು ಉದಾಹರಣೆ ಫ್ರಾನ್ಸಿಸ್ ಟ್ರಾಲಪ್ ಎಂಬ ಇಂಗ್ಲಿಷ್ ಲೇಖಕಿಯದು. ಅಮೆರಿಕದವರ ನಡೆನುಡಿ ಕುರಿತು ಆಕೆಯ ಪುಸ್ತಕ 1832ರಲ್ಲಿ ಬಂತು. ಊಟದ ಮೇಜಿನಲ್ಲಿ ಪಕ್ಕದ ಗಂಡಸಿನ ಮೊಣಕೈ ತಾಗೀತೆಂದು ಮುದುಡಿ ಕೂರುತ್ತಿದ್ದ ತರುಣಿಯೊಬ್ಬಳು, ತನ್ನ ಒಳಕುಪ್ಪಸದ ದಾರಗಳನ್ನು ಕರಿಯ ಆಳೊಬ್ಬನ ಎದುರೇ ನಿರಾತಂಕವಾಗಿ ಬಿಗಿದುಕೊಳ್ಳುತ್ತಿದ್ದುದನ್ನು ಟ್ರಾಲಪ್ ಕಂಡಿದ್ದಳು. ಎರಡು ಶತಮಾನದ ಹತ್ತಿರ ಹತ್ತಿರ ಆಯಿತು, ಸಮುದ್ರಗಳಾಚೆಯ ಗುಲಾಮಗಿರಿಯ ಕಾಲದ ಮಾತು. ಮನೆಗೆಲಸದವರಿಗೆ ಬೇರೆ ಲಿಫ್ಟು ತೋರಿಸುವ ನೋಯ್ಡಾದ ಅಪಾರ್ಟ್‌ಮೆಂಟಿನಿಂದ ಇಳಿದು ಜಿಮ್ಮಿಗೆ ಬಂದವರಿಗೆ ಇದು ಅಷ್ಟೇನೂ ದೂರವಲ್ಲ. ಉತ್ತರದ ಊರುಗಳಲ್ಲಿ ಶೌಚಾಲಯ ತೊಳೆಯುವ ಕೆಲಸ ತಲೆಮಾರುಗಳಿಂದ ಯಾವ ಜಾತಿಯವರ ಹೆಗಲಿಗೆ ಬಿದ್ದಿದೆ ಎಂಬುದು ಎಲ್ಲರಿಗೂ ಗೊತ್ತು. ಕಂತ್ರಾಟಿನ ಏಜೆನ್ಸಿ, ನೀಲಿ ಟೀ ಶರ್ಟು, ಇಂಗ್ಲಿಷಿನ ಹುದ್ದೆಹೆಸರು ಬಂದರೂ ಮುಖ ನೋಡದಿರುವ ಅಭ್ಯಾಸ ಮಾತ್ರ ಹಳೆಯದೇ.

ಹಾಗಾಗಿ ಈ ಕೋಣೆಯಲ್ಲಿ ನೋಡದಿರುವುದು ಎರಡು ಥರ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸವಿರುವುದು ಆ ಮೊದಲ ಒಂದು ಕ್ಷಣದಲ್ಲಿ, ಕಣ್ಣು ತೆಗೆಯುವ ಮುಂಚಿನ ನೋಟದಲ್ಲಿ.

ಹಾಗೆ ನೋಡಿದರೆ ಈ ಕೋಣೆಯಲ್ಲಿ ಲಿಹಾಜ್ ಚೆನ್ನಾಗಿ ಬಲ್ಲವನು ನೆಲ ಒರೆಸುವವನೇ. ಬಾಗಿಲಲ್ಲಿ ಒಮ್ಮೆ ಕೆಮ್ಮಿ ಒಳಗೆ ಬರುತ್ತಾನೆ. ಬಕೆಟ್ಟನ್ನು ಬೇಕೆಂದೇ ಸದ್ದಾಗುವಂತೆ ಎಳೆಯುತ್ತಾನೆ. ಗೋಡೆಯ ಕಡೆ ಮುಖ ಮಾಡಿ ಮಾಪು ಎಳೆಯುತ್ತ ಹಿಂದೆ ಹಿಂದೆ ಬರುತ್ತಾನೆ. ಯಾರ ಬೆನ್ನಿನ ಮೇಲೆ ಆಪರೇಷನ್ನಿನ ಗುರುತಿದೆ, ಯಾರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ಯಾರ ಬ್ಯಾಗಿನಲ್ಲಿ ಯಾವ ಮಾತ್ರೆಯಿದೆ ಎಲ್ಲ ಅವನಿಗೆ ಗೊತ್ತಿರಲೇಬೇಕು. ಅದರಲ್ಲಿ ಒಂದೂ ಹೊರಗೆ ಬಂದದ್ದಿಲ್ಲ. ಬೆಂಚಿನ ಕೆಳಗೆ ಸಿಕ್ಕ ಕೈಗಡಿಯಾರವನ್ನು ರಿಸೆಪ್ಷನ್ನಿಗೆ ತಲುಪಿಸುವವನೂ ಅವನೇ, ಕೈಗಡಿಯಾರ ಕಾಣೆಯಾದಾಗ ಮೊದಲು ಪ್ರಶ್ನೆ ಎದುರಿಸುವವನೂ ಅವನೇ.

ಅಪರೂಪಕ್ಕೆ ಬೇರೆ ಥರದವರೂ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮಿತಭಾಷಿ, ಅವನು ಕೆಮ್ಮಿದ್ದು ಕೇಳಿಸಿದೊಡನೆ ಅತ್ತ ತಿರುಗಿ ಒಮ್ಮೆ ತಲೆಯಾಡಿಸುತ್ತಾರೆ, ಟವೆಲಿನ ಗಂಟು ಸರಿಮಾಡಿಕೊಳ್ಳುತ್ತಾರೆ, ಮಾಪು ಹತ್ತಿರ ಬಂದಾಗ ಎರಡೂ ಕಾಲು ಬೆಂಚಿನ ಮೇಲೆ ಎತ್ತಿಟ್ಟುಕೊಂಡು ಲಾಕರಿನ ಒಳಗೋಡೆ ನೋಡುತ್ತ ಕೂರುತ್ತಾರೆ. ಅಷ್ಟೇ. ಹಬ್ಬಕ್ಕೆ ಐನೂರು ರೂಪಾಯಿ ಕೊಟ್ಟು ಬೆನ್ನು ತಟ್ಟುವವರು ಬೇರೆ ಇದ್ದಾರೆ, ಅದಕ್ಕೂ ಬೆಲೆಯಿದೆ. ಆದರೆ ಅವನು ಬಂದನೆಂದು ಗಂಟು ಸರಿಮಾಡಿಕೊಳ್ಳುವವರು ಇವರೊಬ್ಬರೇ.

1948ರ ಕಾರ್ಖಾನೆ ಕಾಯ್ದೆ ಮಾಡಿದವರು ಒಂದು ಸಣ್ಣ ವಿಷಯವನ್ನು ಮರೆತಿರಲಿಲ್ಲ. ಅದರ 43ನೇ ಸೆಕ್ಷನ್, ಕೆಲಸಗಾರರು ಕೆಲಸದ ಹೊತ್ತಿನಲ್ಲಿ ತೊಡದ ಬಟ್ಟೆಗಳನ್ನು ಇಡಲು, ಒದ್ದೆಯಾದವನ್ನು ಒಣಗಿಸಲು ತಕ್ಕ ಜಾಗ ಕೊಡಿಸುವ ನಿಯಮ ಮಾಡಬಹುದೆಂದು ರಾಜ್ಯ ಸರ್ಕಾರಗಳಿಗೆ ಹೇಳಿತ್ತು. ಜಿಮ್ಮು ಕಾರ್ಖಾನೆಯಲ್ಲ. ರಾತ್ರಿ ಹತ್ತಕ್ಕೆ ಕೊನೆಯ ಸದಸ್ಯ ಹೊರಟ ಮೇಲೆ ಶವರುಗಳನ್ನು ತೊಳೆದು, ಬೆಂಚು ಒರೆಸಿ, ಕನ್ನಡಿಯ ಮೇಲಿನ ಬೆರಳಚ್ಚು ತೆಗೆದು, ಲೈಟು ಆರಿಸಿ ಅವನು ಮೆಟ್ಟಿಲ ಕೆಳಗಿನ ಸ್ಟೋರಿಗೆ ಹೋಗುತ್ತಾನೆ. ಅಲ್ಲಿ ಫಿನಾಯಿಲ್ ಡಬ್ಬಗಳ ಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವನ ಅಂಗಿ, ಪ್ಯಾಂಟು, ಸ್ವೆಟರು ಇರುತ್ತವೆ. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಮಾಪಿನ ಕೋಲನ್ನು ಅಡ್ಡ ಕೊಟ್ಟು ನೀಲಿ ಟೀ ಶರ್ಟು ಬಿಚ್ಚುತ್ತಾನೆ.